ಲೇಬಲ್ಲಿನ ಮೂಲೆಯ ಎರಡು ಅಕ್ಷರ

ಕೇಳುಗರೇ, ನಮಸ್ಕಾರ.

ಪ್ಯಾರಿಸ್‌ಗೆ ಹೋಗಿ ಬರುವವರು ಈಗ ನಮ್ಮಲ್ಲಿ ತುಂಬ ಜನ. ಮಗಳೋ ಮಗನೋ ಅಲ್ಲಿ ಓದುತ್ತಿರುತ್ತಾರೆ, ಇಲ್ಲವೇ ಟೂರ್ ಹೋಗಿರುತ್ತಾರೆ. ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಒಂದು ಶಾಂಪೇನ್ ಬಾಟಲಿ ಕೊಳ್ಳುತ್ತಾರೆ. ಯಾವುದು? ಜಾಹೀರಾತಿನಲ್ಲಿ ನೋಡಿದ ದೊಡ್ಡ ಹೆಸರಿನದು. ಇವತ್ತು ನಾನು ನಿಮಗೆ ಹೇಳಬೇಕಾದ್ದು ಒಂದೇ ಮಾತು. ಬಾಟಲಿ ತಿರುಗಿಸಿ. ಲೇಬಲ್ಲಿನ ಮೂಲೆಯಲ್ಲಿ ಇರುವೆ ಸಾಲಿನಂಥ ಸಣ್ಣ ಬರಹ ಇರುತ್ತದೆ. ಅಲ್ಲಿ ಆರ್, ಎಂ ಅನ್ನುವ ಎರಡು ಅಕ್ಷರ ಇದೆಯಾ ನೋಡಿ.

ಆರ್‌ಎಂ ಅಂದರೆ ದ್ರಾಕ್ಷಿ ಬೆಳೆದವರೇ ಮಾಡಿದ ಶಾಂಪೇನ್. ಎನ್‌ಎಂ ಅಂದರೆ ಬೇರೆಯವರ ದ್ರಾಕ್ಷಿಯನ್ನೂ ಕೊಂಡು ಕಂಪನಿ ಮಾಡಿದ್ದು. ಸಿಎಂ ಅಂದರೆ ಸಹಕಾರ ಸಂಘದ್ದು. ಇಷ್ಟೇ ಲೆಕ್ಕ.

ಪ್ಯಾರಿಸ್‌ನಿಂದ ಪೂರ್ವಕ್ಕೆ ರೀಮ್ಸ್ ಪಟ್ಟಣಕ್ಕೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಶಾಂಪೇನ್ ಸೀಮೆ ಅದೇ. ಸುಮಾರು 34,000 ಹೆಕ್ಟೇರ್ ದ್ರಾಕ್ಷಿ ತೋಟ, 16,000ದಷ್ಟು ಬೆಳೆಗಾರರು. ನೂರಕ್ಕೆ 90ರಷ್ಟು ಜಮೀನು ಈ ಬೆಳೆಗಾರರದು. ಆದರೆ ಜಗತ್ತಿನ ಅಂಗಡಿಗಳಲ್ಲಿ ಕಾಣುವುದು ಮಾತ್ರ ಜಾಸ್ತಿ ಕಂಪನಿಗಳ ಬಾಟಲಿ. ನಮ್ಮ ಚಿಕ್ಕಮಗಳೂರು, ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಬೀಜ ಮೂಟೆ ಕಟ್ಟಿ ಕಳಿಸಿದ ಮೇಲೆ ಅದು ಯಾರ ತೋಟದ್ದು ಅಂತ ಯಾರು ಕೇಳುತ್ತಾರೆ? ಈಗೀಗ ಕೆಲವರು ತಮ್ಮ ಬೀಜವನ್ನು ತಾವೇ ಹುರಿದು, ಎಸ್ಟೇಟ್ ಹೆಸರಿನಲ್ಲೇ ಮಾರುತ್ತಿದ್ದಾರೆ, ಅಲ್ವಾ? ಆರ್‌ಎಂ ಶಾಂಪೇನ್ ಅಂದರೆ ಅದೇ.

ನನಗೆ ಇದು ಗೊತ್ತಾಗಿದ್ದು ಲಂಡನ್ನಿನಲ್ಲಿ, ಒಂದು ಟೇಸ್ಟಿಂಗ್‌ನಲ್ಲಿ. ಆರು ಬಾಟಲಿಗಳಿಗೆ ಬಟ್ಟೆ ಸುತ್ತಿದ್ದರು. ಎಲ್ಲ ರುಚಿ ನೋಡಿ ನಾನು ಮೆಚ್ಚಿದ್ದು ನಾಲ್ಕನೆಯದು. ಬಟ್ಟೆ ತೆಗೆದರೆ ಯಾವತ್ತೂ ಕೇಳಿರದ ಹೆಸರು, ಮೂಲೆಯಲ್ಲಿ ಆ ಎರಡು ಅಕ್ಷರ. ಮುಂದಿನ ಏಪ್ರಿಲ್‌ನಲ್ಲೇ ಹೊರಟುಬಿಟ್ಟೆ.

ಎಪರ್ನೆ ಪಟ್ಟಣದ ಪಕ್ಕ, ಮಾರ್ನ್ ನದಿಯ ದಂಡೆಯಲ್ಲಿ ಡಾಮರಿ ಅಂತ ಒಂದು ಹಳ್ಳಿ. ಬಾಗಿಲು ತಟ್ಟಿದರೆ ಕೆಸರು ಮೆತ್ತಿದ ಬೂಟು ಹಾಕಿಕೊಂಡ ಒಬ್ಬ ಹೆಂಗಸು ಬಂದರು. ಆಗಷ್ಟೇ ತೋಟದಿಂದ ಬಂದಿದ್ದರು. ಕೈ ತೊಳೆದುಕೊಂಡು ಸೀದಾ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಮೈ ನಡುಗುವಷ್ಟು ತಂಪು. ಎರಡು ಮರದ ಪೀಪಾಯಿಗಳಿಂದ ಗಾಜಿನ ಕೊಳವೆಯಲ್ಲಿ ವೈನ್ ಎಳೆದು ಎರಡು ಗ್ಲಾಸಿಗೆ ಬಿಟ್ಟರು. ನೊರೆ ಇಲ್ಲ, ಗುಳ್ಳೆ ಇಲ್ಲ. ಆಮೇಲೆ ಬಾಟಲಿಗೆ ತುಂಬುವಾಗ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸುತ್ತಾರೆ. ಮುಚ್ಚಿದ ಬಾಟಲಿಯೊಳಗೇ ಮತ್ತೆ ಹುದುಗು ಬಂದು ಗುಳ್ಳೆ ಹುಟ್ಟುತ್ತದೆ. ಇದು ಅದಕ್ಕೂ ಮುಂಚಿನ ಬರೀ ವೈನ್.

ಎರಡೂ ಮ್ಯುನಿಯೇ ಅನ್ನುವ ಒಂದೇ ಜಾತಿಯ ದ್ರಾಕ್ಷಿ. ಒಂದೇ ವರ್ಷದ್ದು, ಒಬ್ಬರೇ ಮಾಡಿದ್ದು. ಆದರೆ ರುಚಿ ಬೇರೆ ಬೇರೆ! ಒಂದು ಮಾಗಿದ ಸೇಬಿನ ಹಾಗೆ ದುಂಡಗೆ. ಇನ್ನೊಂದು ನಾಲಗೆಯ ಎರಡೂ ಬದಿ ಹಿಡಿಯುವಂಥ ಹುಳಿ, ಕೊನೆಗೆ ಸ್ವಲ್ಪ ಉಪ್ಪು. ಯಾಕೆ ಅಂತ ಕೇಳಿದೆ. ಅವರು ಮಾತಾಡಲಿಲ್ಲ. ಗ್ಲಾಸು ಕೈಯಲ್ಲೇ ಇರಲಿ ಅಂತ ಸನ್ನೆ ಮಾಡಿ ಹೊರಗೆ ನಡೆದರು. ಗುಡ್ಡ ಹತ್ತಿದೆವು. ಕೆಳಗಿನ ತೋಟದಲ್ಲಿ ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು. ಅಂಟು ಜೇಡಿ. ಮೇಲಿನ ತೋಟದಲ್ಲಿ ಇನ್ನೊಂದು ಹಿಡಿ. ಪುಡಿಪುಡಿ ಸುಣ್ಣಕಲ್ಲು. ಒಂದು ಕೈಯಲ್ಲಿ ಮಣ್ಣು, ಇನ್ನೊಂದರಲ್ಲಿ ಅದೇ ಮಣ್ಣಿನ ವೈನ್. ಕಂಪನಿಯವರು ಹತ್ತಾರು ಊರಿನ ವೈನ್ ಬೆರೆಸಿ ಪ್ರತಿ ವರ್ಷ ಒಂದೇ ರುಚಿ ಬರಿಸುತ್ತಾರೆ. ಆ ಬೆರಕೆಯಲ್ಲಿ ಈ ಎರಡು ಹಿಡಿ ಮಣ್ಣಿನ ವ್ಯತ್ಯಾಸ ಮಾಯ. ನನಗೆ ಸಿಟ್ಟು ಬರೋದು ಅಲ್ಲೇ.

ಮೇಲೆ ನಿಂತು ಅವರು ನದಿ ತೋರಿಸಿದರು. 1911ರ ಜನವರಿಯಲ್ಲಿ ಇದೇ ಊರಿನ ಬೆಳೆಗಾರರು ಹೊರಗಿನಿಂದ ಬಂದ ಸರಕನ್ನು ಅಡ್ಡಗಟ್ಟಿ ಆ ನದಿಗೆ ಸುರಿದಿದ್ದರು. ಸಾಲು ಸಾಲು ಕೆಟ್ಟ ವರ್ಷಗಳು, 1910ರಲ್ಲಿ ಬೆಳೆಯೇ ಕೈಕೊಟ್ಟಿತ್ತು. ಅಂಥ ಹೊತ್ತಿನಲ್ಲಿ ಕೆಲವು ವ್ಯಾಪಾರಿಗಳು ದೂರದ ಸೀಮೆಗಳಿಂದ ಅಗ್ಗದ ದ್ರಾಕ್ಷಿ, ವೈನ್ ತರಿಸಿ ಶಾಂಪೇನ್ ಅಂತ ಮಾರುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ರಾತ್ರಿ ರೀಮ್ಸ್‌ನ ಒಂದು ರೆಸ್ಟೋರೆಂಟ್‌ಗೆ ಹೋದೆ. ವೈನ್ ಪಟ್ಟಿಯ ಮೊದಲ ಪುಟದ ತುಂಬ ದೊಡ್ಡ ಹೆಸರುಗಳೇ. ಬಡಿಸುವ ಹುಡುಗ ಅದರಲ್ಲೇ ಒಂದನ್ನು ತೋರಿಸಿದ. ಬೆಳೆಗಾರರದ್ದು ಇದೆಯಾ ಅಂತ ಕೇಳಿದೆ. ಅವನ ಮುಖ ಅರಳಿತು. ಹಿಂದಿನ ಪುಟ ತೆರೆದ, ತನಗೆ ಇಷ್ಟವಾದದ್ದನ್ನು ತಂದ. ಅಣಬೆ ಹಾಕಿ ಬೇಯಿಸಿದ ಕೋಳಿಯ ಜೊತೆ ಊಟದ ಕೊನೆಯವರೆಗೂ ಅದೇ ಬಾಟಲಿ. ಶಾಂಪೇನ್ ಅಂದರೆ ಬರೀ ಕೇಕ್ ಕತ್ತರಿಸುವಾಗ ಚಿಮ್ಮಿಸೋದು ಅಂದುಕೊಂಡಿದ್ದೇವೆ. ಅದು ಊಟದ ವೈನ್, ದಯವಿಟ್ಟು ಚಿಮ್ಮಿಸಬೇಡಿ!

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಕೊಳವೆಯಂಥ ಸಣ್ಣ ಗ್ಲಾಸು ಬೇಡ, ಅಗಲ ಹೊಟ್ಟೆಯ ವೈನ್ ಗ್ಲಾಸು ಸಾಕು. ಮಂಜಿನಷ್ಟು ತಣ್ಣಗೆ ಕುಡಿಯಬೇಡಿ, ರುಚಿ ಸತ್ತು ಹೋಗುತ್ತದೆ. ಸಿಹಿ ಬೇಡದವರು 'ಬ್ರೂಟ್ ನೇಚರ್' ಅಂತ ಬರೆದದ್ದನ್ನು ಹುಡುಕಿ. ಬೆಳೆಗಾರರ ಪೈಕಿ ಒಂದು ಹೆಸರು ಬರೆದಿಟ್ಟುಕೊಳ್ಳಿ. ಅವೀಜ್ ಹಳ್ಳಿಯ ಆನ್ಸೆಲ್ಮ್ ಸೆಲೋಸ್. ಫ್ರಾನ್ಸಿನದೇ ಇನ್ನೊಂದು ವೈನ್ ಸೀಮೆ ಬರ್ಗಂಡಿಯಲ್ಲಿ ಓದಿ ಬಂದು, ಶಾಂಪೇನನ್ನು ಮೊದಲು ತೋಟದಲ್ಲಿ ಮಾಡಬೇಕು ಅಂತ ತೋರಿಸಿಕೊಟ್ಟವರು. ಅವರ ಬಾಟಲಿ ಈಗ ತುಂಬ ದುಬಾರಿ. ಆದರೆ ಅವರ ದಾರಿ ಹಿಡಿದ ಕಿರಿಯರು ಬಹಳ ಜನ ಇದ್ದಾರೆ.

ಹೋಗುವುದಾದರೆ ಮುಂಚೆಯೇ ಫೋನ್ ಮಾಡಿ, ಸುಮ್ನೆ ಹೋಗಿ ನಿಲ್ಲಬೇಡಿ. ಕೊಯ್ಲಿನ ದಿನಗಳಲ್ಲಂತೂ ಬೇಡವೇ ಬೇಡ. ಅಲ್ಲಿ ಪ್ರತಿ ಗೊಂಚಲನ್ನೂ ಕೈಯಲ್ಲೇ ಕೊಯ್ಯಬೇಕು, ಮನೆಯವರೆಲ್ಲ ತೋಟದಲ್ಲಿ ಇರುತ್ತಾರೆ. ಏಪ್ರಿಲ್ ಒಳ್ಳೆಯದು. ಮಧ್ಯಾಹ್ನ 12ರಿಂದ 2 ಅವರ ಊಟದ ಹೊತ್ತು, ಆಗ ಮಾತ್ರ ಬಾಗಿಲು ತಟ್ಟಬೇಡಿ.

ನಮಸ್ಕಾರ.