ಮಠ ಮರವಾಗದಂತೆ: ವಿನೈಲ್ ಗ್ರಾಫಿಕ್ಸ್ ಕಸುಬು ಕಲಿಯುವವರಿಗೆ

ಕೇಳುಗರೇ, ನಮಸ್ಕಾರ.

ಅಂಗಡಿ ಗಾಜಿನ ಮೇಲಿನ ಅಕ್ಷರ, ಆಸ್ಪತ್ರೆ ಗೋಡೆಯ ಬಾಣದ ಗುರುತು, ಶಾಲಾ ಬಸ್ಸಿನ ಮೈಮೇಲಿನ ಹೆಸರು, ಇವೆಲ್ಲ ಈಗ ಹೆಚ್ಚಾಗಿ ವಿನೈಲ್. ಇದನ್ನು ಫ್ಲೆಕ್ಸ್ ಜೊತೆ ಸೇರಿಸಿಕೊಳ್ಳಬೇಡಿ. ಫ್ಲೆಕ್ಸ್ ಚೌಕಟ್ಟಿಗೆ ಬಿಗಿಯುವ ಹಾಳೆ. ವಿನೈಲ್ ಹಿಂಬದಿಗೆ ಅಂಟು ಇರುವ ತೆಳು ಪೊರೆ. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧವಾದಾಗ ಫ್ಲೆಕ್ಸ್, ಬ್ಯಾನರ್‌ಗಳೂ ಆ ಪಟ್ಟಿಯಲ್ಲಿದ್ದವು. ಹುಟ್ಟುಹಬ್ಬದ ಶುಭಾಶಯದ ಬ್ಯಾನರ್ ನೆಚ್ಚಿಕೊಂಡು ಈ ಕಸುಬಿಗೆ ಇಳಿಯಬೇಡಿ. ನಾಮಫಲಕ, ವಾಹನ, ಕಚೇರಿಯ ಒಳಾಂಗಣ, ಇವು ಕಾಯಂ ಉಳಿಯುವ ಕೆಲಸ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲಂತೂ ಕನ್ನಡ ಅಕ್ಷರವನ್ನು ಸರಿಯಾಗಿ ಕತ್ತರಿಸಬಲ್ಲವರಿಗೆ ಬೆಲೆ ಇದೆ.

ಕಲಿಯಲು ಬರುವವರು ನೇರ ಕಂಪ್ಯೂಟರ್ ಮುಂದೆ ಕೂರುತ್ತಾರೆ. ನಾವು ಹೇಳುವುದು ತಿರುಗಾಮುರುಗಾ: ಮೊದಲು ಫಿಟ್ಟಿಂಗ್ ಅಂದರೆ ಅಂಟಿಸುವ ಕೆಲಸ, ಆಮೇಲೆ ಕಟಿಂಗ್, ಆಮೇಲೆ ಪ್ರಿಂಟರ್, ಕೊನೆಗೆ ಡಿಸೈನ್. ತಪ್ಪು ಎಲ್ಲೇ ಆಗಿರಲಿ, ಬಯಲಾಗುವುದು ಗೋಡೆಯ ಮೇಲೆ, ಅದೂ ತಿಂಗಳು ಕಳೆದ ಮೇಲೆ. ಸ್ಟಿಕ್ಕರ್ ಎದ್ದದ್ದು ಧೂಳಿನಿಂದಲೋ, ಒಣಗದ ಇಂಕಿನಿಂದಲೋ, ಅಗ್ಗದ ಮಾಲಿನಿಂದಲೋ ಎಂದು ನೋಡಿ ಹೇಳಬಲ್ಲವನಿಗೇ ಅಂಗಡಿಯಲ್ಲಿ ಸಂಬಳ ಏರುತ್ತದೆ.

ಗೋಡೆ ಸಿಕ್ಕಿದರೆ ಮೊದಲು ಅಂಗೈಯಿಂದ ಉಜ್ಜಿ ನೋಡಿ. ಕೈಗೆ ಡಿಸ್ಟೆಂಪರ್ ಪುಡಿ ಹತ್ತಿದರೆ ವಿನೈಲ್ ಅಂಟುವುದು ಗೋಡೆಗಲ್ಲ, ಆ ಪುಡಿಗೆ. ಹೊಸ ಪೇಂಟಾದರೆ ಕೆಲವು ವಾರ ಬಿಡಿ. ಬಣ್ಣದಿಂದ ಹೊರಡುವ ಆವಿಯೇ ಗುಳ್ಳೆಯಾಗುತ್ತದೆ. ಗಾಜು, ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟ್ ಆದರೆ ಸೋಪುನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಅದು ಆರುವ ಮೊದಲೇ ಒಣ ಬಟ್ಟೆಯಲ್ಲಿ ಒರೆಸಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಕೂರುತ್ತದೆ. ಮೂಲೆ, ಅಂಚುಗಳನ್ನು ಎರಡು ಸಲ ಒರೆಸಿ; ಸ್ಟಿಕ್ಕರ್ ಏಳುವುದು ಅಲ್ಲಿಂದಲೇ.

ನಡುಮಧ್ಯಾಹ್ನ ಕಾದ ಬಸ್ಸಿನ ತಗಡಿಗೆ ಕೈ ಹಾಕಬೇಡಿ. ಬಿಸಿಗೆ ಅಂಟು ತಕ್ಷಣ ಕಚ್ಚಿಕೊಂಡು, ಎತ್ತಿ ಸರಿಪಡಿಸಲು ಬಿಡುವುದಿಲ್ಲ. ಹಿಂಬದಿ ಕಾಗದವನ್ನು ಪೂರಾ ಕಿತ್ತೆಸೆಯದೆ, ಮೇಲಿನ 3–4 ಇಂಚು ಮಾತ್ರ ಬಿಡಿಸಿ ಕೂರಿಸಿ. ಕಾಗದವನ್ನು ಕೆಳಕ್ಕೆಳೆಯುತ್ತ ಸ್ಕ್ವೀಜಿಯನ್ನು, ಅಂದರೆ ಒತ್ತಿ ಉಜ್ಜುವ ಪಟ್ಟಿಯನ್ನು, ನಡುವಿನಿಂದ ಅಂಚಿಗೆ ಒತ್ತುತ್ತ ಬನ್ನಿ. ಗುಳ್ಳೆ ಉಳಿದರೆ ಬ್ಲೇಡಿನಿಂದ ಸೀಳದೆ, ಗುಳ್ಳೆಯ ಅಂಚಿಗೆ ಸೂಜಿ ಚುಚ್ಚಿ ಗಾಳಿ ಹೊರದೂಡಿ. ಎರಡು ತುಂಡು ಕೂಡುವಲ್ಲಿ ಅರ್ಧ ಇಂಚು ಒಂದರ ಮೇಲೊಂದು ಬರಲಿ. ಗೋಡೆಯಲ್ಲಿ ಮಂಗಳೂರು ಹೆಂಚಿನ ಕ್ರಮ, ಮೇಲಿನ ತುಂಡು ಕೆಳಗಿನದನ್ನು ಮುಚ್ಚಬೇಕು, ಮಳೆನೀರು ಜಾರಿಹೋಗುವಂತೆ. ಬಸ್ಸಿಗೆ ಹಿಂದಿನಿಂದ ಶುರುಮಾಡಿ. ಮುಂದಿನ ತುಂಡು ಮೇಲೆ ಬಂದರೆ ಗಾಳಿಗೆ ಸಂದು ಸಿಗುವುದಿಲ್ಲ.

ಇನ್ನು ಮಾಲು. ಕ್ಯಾಲೆಂಡರ್ಡ್ ವಿನೈಲನ್ನು ಉರುಳೆಗಳ ನಡುವೆ ಒತ್ತಿ ಎಳೆದಿರುತ್ತಾರೆ, ಚಪಾತಿ ಲಟ್ಟಿಸಿದ ಹಾಗೆ. ಲಟ್ಟಿಸಿದ ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುವುದನ್ನು ನೀವು ನೋಡಿದ್ದೀರಿ; ಬಿಸಿಲಿಗೆ ಈ ವಿನೈಲೂ ಹಾಗೇ ಕುಗ್ಗಿ, ಅಂಚಿನಲ್ಲಿ ಅಂಟಿನ ಗೆರೆ ಬಿಟ್ಟು, ಆ ಗೆರೆಗೆ ಧೂಳು ಮೆತ್ತಿಕೊಳ್ಳುತ್ತದೆ. ಕಾಸ್ಟ್ ವಿನೈಲ್ ನೀರುದೋಸೆಯಂತೆ, ದ್ರವವನ್ನು ಹರಡಿ ಬೇಯಿಸಿದ್ದು. ಎಳೆತವಿಲ್ಲ, ಹಾಗಾಗಿ ಕುಗ್ಗುವುದೂ ತೀರಾ ಕಡಿಮೆ. ಕ್ಯಾಲೆಂಡರ್ಡ್ ಸಾಮಾನ್ಯವಾಗಿ 70ರಿಂದ 100 ಮೈಕ್ರಾನ್, ಕಾಸ್ಟ್ ಸುಮಾರು 50. ವಾಹನದ ರಿವೆಟ್ಟು, ತಗ್ಗುಗಳಿಗೆ ಕಾಸ್ಟೇ ಬೇಕು. ನೆಟ್ಟಗಿನ ಗೋಡೆಗೆ, ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಗೆ ಕ್ಯಾಲೆಂಡರ್ಡ್ ಧಾರಾಳ ಸಾಕು.

ಕಟಿಂಗ್ ಪ್ಲಾಟರ್ ಅಂದರೆ ಕಂಪ್ಯೂಟರ್ ಹೇಳಿದಂತೆ ಬ್ಲೇಡು ಓಡಿಸುವ ಯಂತ್ರ. ಅದರಲ್ಲಿ ಪ್ರತಿ ಹೊಸ ರೋಲಿಗೂ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ ನೋಡಿ. ಪೊರೆ ಪೂರಾ ತುಂಡಾಗಬೇಕು, ಕಾಗದದ ಮೇಲೆ ಬರೀ ಗೀರು ಮೂಡಬೇಕು. ಸಾಮಾನ್ಯ ವಿನೈಲಿಗೆ 45 ಡಿಗ್ರಿ ಬ್ಲೇಡು, ಬೆಳಕು ಬಿದ್ದರೆ ಹೊಳೆಯುವ ದಪ್ಪನೆಯ ರೆಫ್ಲೆಕ್ಟಿವ್‌ಗೆ 60 ಡಿಗ್ರಿ.

ಕನ್ನಡದ ನಿಜವಾದ ಪರೀಕ್ಷೆ ಇಲ್ಲಿದೆ. ನುಡಿ, ಬರಹದಂಥ ಹಳೆಯ ಫಾಂಟ್‌ಗಳಲ್ಲಿ ಅಕ್ಷರ, ಗುಣಿತ, ಒತ್ತು ಬೇರೆಬೇರೆ ತುಂಡುಗಳು. ಪರದೆಯಲ್ಲಿ ಬಣ್ಣ ಒಂದೇ ಆದ್ದರಿಂದ ಕೂಡಿದ ಜಾಗ ಕಾಣುವುದಿಲ್ಲ. ಆದರೆ ಬ್ಲೇಡು ಪ್ರತಿ ತುಂಡಿನ ಸುತ್ತಲೂ ಓಡಿ, ಅಕ್ಷರದ ಮೈಯಲ್ಲೇ ಗೀರು ಹಾಕುತ್ತದೆ. ಆದ್ದರಿಂದ ಟೈಪ್ ಮಾಡಿದ ಮೇಲೆ ಕರ್ವ್ಸ್ ಮಾಡಿ, ಅಂದರೆ ಅಕ್ಷರವನ್ನು ಬರೀ ಗೆರೆಯ ಆಕಾರವಾಗಿಸಿ; ನಂತರ ವೆಲ್ಡ್ ಮಾಡಿ, ಅಂದರೆ ತುಂಡುಗಳನ್ನು ಒಂದಾಗಿ ಬೆಸೆಯಿರಿ. ಕರ್ವ್ಸ್ ಮಾಡದೆ ಬೇರೆ ಅಂಗಡಿಗೆ ಕಳಿಸಿದರೆ, ಆ ಫಾಂಟ್ ಅಲ್ಲಿಲ್ಲದಿದ್ದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕರ್ವ್ಸ್ ಆದಮೇಲೆ ಕಾಗುಣಿತ ತಿದ್ದಲಾಗದು. ಗಿರಾಕಿಯಿಂದ ಮೊದಲೇ ಓದಿಸಿ ಒಪ್ಪಿಗೆ ಪಡೆಯಿರಿ. ಬೇಡದ ಭಾಗ ಬಿಡಿಸಿ ತೆಗೆಯುವಾಗ ಠಕಾರದ ಹೊಟ್ಟೆಯೊಳಗಿನ ಚುಕ್ಕೆ ಜೊತೆಗೇ ಎದ್ದು ಬರುತ್ತದೆ. ಅದು ಗಮನಕ್ಕೆ ಬಾರದಿದ್ದರೆ ಮಠ ಮರವಾಗುತ್ತದೆ!

ಪ್ರಿಂಟರ್ ಬಗ್ಗೆ. ದಿನಾ ಬೆಳಿಗ್ಗೆ ನಾಝಲ್ ಚೆಕ್ ತೆಗೆಯಿರಿ, ಅಂದರೆ ಇಂಕು ಚಿಮ್ಮುವ ತೂತುಗಳೆಲ್ಲ ತೆರೆದಿವೆಯೇ ಎಂದು ನೋಡುವ ಪರೀಕ್ಷಾ ಪ್ರಿಂಟು. ಅದರಲ್ಲೇ ಗೆರೆ ತಪ್ಪಿದ್ದರೆ ಆ ತೂತುಗಳಿರುವ ಹೆಡ್ಡು ಕಟ್ಟಿಕೊಂಡಿದೆ. ನಾಝಲ್ ಎಲ್ಲ ಸರಿಯಿದ್ದು, ಪ್ರಿಂಟಿನಲ್ಲಿ ಸಮ ಅಂತರದಲ್ಲಿ ಪಟ್ಟೆ ಬಂದರೆ ಫೀಡ್ ತಪ್ಪಿದೆ: ಬಿಳಿ ಪಟ್ಟೆಯಾದರೆ ರೋಲು ಹೆಚ್ಚು ಸರಿಯುತ್ತಿದೆ, ಕಪ್ಪು ಪಟ್ಟೆಯಾದರೆ ಕಡಿಮೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರೋಲನ್ನು ತೆರೆದಿಟ್ಟರೆ ಹಿಂಬದಿ ಕಾಗದ ತೇವ ಹೀರಿ ಅಂಚು ಸುರುಟಿ, ಹೆಡ್ಡಿಗೆ ತಾಗುತ್ತದೆ. ಕೆಲಸ ಮುಗಿದೊಡನೆ ಪ್ಲಾಸ್ಟಿಕ್ ಸುತ್ತಿಡಿ. ಇಕೋ ಸಾಲ್ವೆಂಟ್ (ದ್ರಾವಕ ಬೆರೆತ ಇಂಕಿನ) ಪ್ರಿಂಟನ್ನು ಸಡಿಲವಾಗಿ ಹರಡಿ ಕನಿಷ್ಠ 24 ಗಂಟೆ ಬಿಡದೆ, ಅದರ ಮೇಲೆ ಲ್ಯಾಮಿನೇಷನ್ ಪೊರೆ ಹಾಕಬೇಡಿ. ಮುಟ್ಟಿದರೆ ಒಣಗಿದಂತಿದ್ದರೂ ಸಾಲ್ವೆಂಟ್ ಒಳಗಿರುತ್ತದೆ. ಅದು ಅಂಟನ್ನು ಮೆತ್ತಗೆ ಮಾಡಿ ಅಂಚು ಏಳಿಸುತ್ತದೆ. "ಸಂಜೆಗೇ ಬೇಕು" ಎನ್ನುವ ಗಿರಾಕಿಗೆ ಇದನ್ನು ಹೇಳಲು ಧೈರ್ಯ ಬೇಕು. ಹಾಂ, ಅಕ್ರಿಲಿಕ್ ಕತ್ತರಿಸುವ ಲೇಸರ್ ಅಂಗಡಿಯಲ್ಲಿದ್ದರೆ ಅದಕ್ಕೆ ವಿನೈಲ್ ಹಾಕಲೇಬೇಡಿ. ವಿನೈಲ್ ಎಂದರೆ ಪಿವಿಸಿ ಪ್ಲಾಸ್ಟಿಕ್; ಅದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಕೆಡುಕು, ಯಂತ್ರಕ್ಕೂ ತುಕ್ಕು.

ಲೆಕ್ಕ ಚದರಡಿಯಲ್ಲಿ. 10 ಅಡಿ ಉದ್ದ, 3 ಅಡಿ ಎತ್ತರದ ಬೋರ್ಡು 30 ಚದರಡಿ. 3 ಅಡಿ ರೋಲಿನಲ್ಲಿ ಅಂಚಿಗೆ ಜಾಗ ಬಿಡಬೇಕಾದ್ದರಿಂದ ಪೂರ್ತಿ ಅಗಲ ಪ್ರಿಂಟಾಗದು. 4 ಅಡಿ ರೋಲು ಹಾಕಬೇಕು. ಶುರುವಿನಲ್ಲಿ ಹೋಗುವ ಒಂದಡಿ ಸೇರಿದರೆ ಖರ್ಚಾದ ಮಾಲು 44 ಚದರಡಿ. 30ಕ್ಕೆ ಮಾತ್ರ ಬಿಲ್ಲು ಮಾಡಿದರೆ 14 ಚದರಡಿ ನಿಮ್ಮ ಜೇಬಿನಿಂದ ಹೋಯಿತು. ಪಕ್ಕದಲ್ಲಿ ಉಳಿಯುವ ಪಟ್ಟಿಯಲ್ಲಿ ಬೇರೆ ಗಿರಾಕಿಯ ಸಣ್ಣ ಸ್ಟಿಕ್ಕರ್ ಕೂರಿಸುವುದು ಆಪರೇಟರ್ ಕಲಿಯಲೇಬೇಕಾದ ಜಾಣ್ಮೆ.

ಸ್ವಂತ ಅಂಗಡಿ ಇಡುವವರು ಮೊದಲು 2 ಅಡಿಯ ಪ್ಲಾಟರ್ ಕೊಳ್ಳಿ, ಪ್ರಿಂಟ್ ಹೊರಗೆ ಮಾಡಿಸಿ. ದಿನವೂ ಕೆಲಸವಿಲ್ಲದ ಇಕೋ ಸಾಲ್ವೆಂಟ್ ಯಂತ್ರ ಲಾಭ ಕೊಡುವ ಮೊದಲೇ ಹೆಡ್ಡು ಒಣಗಿಸಿಕೊಳ್ಳುತ್ತದೆ. ಯಂತ್ರ ಬಂದ ದಿನವೇ ಯುಪಿಎಸ್ ಕೂಡ ಬರಲಿ. ಪ್ರಿಂಟ್ ನಡುವೆ ಕರೆಂಟು ಹೋದರೆ ಹೆಡ್ಡು, ಅದು ಒಣಗದಂತೆ ಮುಚ್ಚುವ ಕ್ಯಾಪಿನ ಮೇಲೆ ಕೂರದೆ ಬಯಲಲ್ಲೇ ನಿಲ್ಲುತ್ತದೆ. ಯುಪಿಎಸ್ ಇಲ್ಲದಿದ್ದರೆ ಯಂತ್ರದ ಕೈಪಿಡಿ ಹೇಳುವಂತೆ ಅದನ್ನು ಕೈಯಿಂದಲೇ ಮೆಲ್ಲಗೆ ಸರಿಸಿ ಕ್ಯಾಪಿಗೆ ಕೂರಿಸಬೇಕು, ಅದೂ ಕರೆಂಟು ಬರುವವರೆಗೆ ಕಾಯದೆ.

ನಮಸ್ಕಾರ.