ತಾರೀಖು ಹೇಳಿ, ಪುಟ ತೋರಿಸ್ತೀನಿ

ಕೇಳುಗರಿಗೆ ನಮಸ್ಕಾರ.

ಹಾಸನ ಆಕಾಶವಾಣಿಯವರು ನನಗೆ ಕೊಟ್ಟ ವಿಷಯ ಇದು: ಕಲೆ, ಮನರಂಜನೆ, ಕ್ರೀಡೆ ಬಗ್ಗೆ ಗ್ರಂಥಾಲಯದಲ್ಲಿ ಮಾಹಿತಿ ಹುಡುಕುವುದು ಹೇಗೆ. ಕೊಟ್ಟ ಸಮಯ ಹತ್ತು ನಿಮಿಷ. ಮೂವತ್ತು ವರ್ಷ ಪುಸ್ತಕದ ಧೂಳು ಕುಡಿದವನಿಗೆ ಹತ್ತು ನಿಮಿಷ ಅಂದರೆ ಮೂಗಿಗೆ ತುಪ್ಪ ಸವರಿದ ಹಾಗೆ. ಅದಕ್ಕೇ ಒಂದೇ ಮಾತು ಹೇಳುತ್ತೇನೆ. ಮೊದಲು ತಾರೀಖು ಹಿಡಿಯಿರಿ. ಅಷ್ಟೇ.

ಗ್ರಂಥಾಲಯಕ್ಕೆ ಬಂದವರು ಹೇಗೆ ಕೇಳುತ್ತಾರೆ ಗೊತ್ತಾ? "ಸಾರ್, ಸಿನಿಮಾ ಬಗ್ಗೆ ಏನಾದ್ರೂ ಇದ್ಯಾ?" ಇದೆ ಮಾರಾಯರೇ, ಕಪಾಟುಗಟ್ಟಲೆ ಇದೆ. ಯಾವ ಸಿನಿಮಾ? ಯಾವ ವರ್ಷ? ಅಲ್ಲಿಗೆ ಮಾತು ನಿಂತುಹೋಗುತ್ತದೆ. ಬಟ್ಟೆ ಅಂಗಡಿಗೆ ಹೋಗಿ "ಬಟ್ಟೆ ಕೊಡಿ" ಅಂತ ಕೇಳುತ್ತೀರಾ? ಇಲ್ಲ ತಾನೇ. ಇಲ್ಲಿ ಮಾತ್ರ ಯಾಕೆ ಹೀಗೆ?

ಒಂದು ಪ್ರಸಂಗ ಹೇಳುತ್ತೇನೆ. ನನಗೆ ತುಂಬಾ ಇಷ್ಟವಾದದ್ದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಅರಸೀಕೆರೆ ಕಡೆಯ ಒಬ್ಬ ಹುಡುಗ ಬಂದ. ಡಿಗ್ರಿ ಎರಡನೇ ವರ್ಷ. ಮುಖ ಬಾಡಿತ್ತು. "ಏನಪ್ಪಾ?" ಅಂದೆ. "ಸಾರ್, ನಮ್ಮ ದೊಡ್ಡಪ್ಪನ ಜೊತೆ ಪಂಥ ಆಗಿದೆ. ಸೋತವರು ಮನೆ ಮಂದಿಗೆಲ್ಲ ಬಾಡೂಟ ಹಾಕಿಸಬೇಕು" ಅಂದ. ವಿಷಯ ಡೇವಿಡ್ ಜಾನ್ಸನ್ ಅವರದ್ದು. ಅರಸೀಕೆರೆಯಲ್ಲಿ ಹುಟ್ಟಿ, ಭಾರತಕ್ಕೆ ಟೆಸ್ಟ್ ಆಡಿದ ವೇಗದ ಬೌಲರ್. ಈಗ ಅವರಿಲ್ಲ, 2024ರಲ್ಲಿ ತೀರಿಕೊಂಡರು. ದೊಡ್ಡಪ್ಪ ಹೇಳುವುದು ಏನೆಂದರೆ, ಜಾನ್ಸನ್ ಮೊದಲ ಪಂದ್ಯ ಆಡಿದ್ದು ಬೆಂಗಳೂರಿನಲ್ಲಿ, ಆಸ್ಟ್ರೇಲಿಯಾ ಮೇಲೆ, ಜಾವಗಲ್ ಶ್ರೀನಾಥ್ ಜೊತೆ. "ನಮ್ ತಾಲೂಕಿನ ಹೆಸರು ಹೊತ್ತ ಇಬ್ಬರೂ ಒಟ್ಟಿಗೆ ಆಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ ಕಣೋ" ಅಂತ ಅವರ ವಾದ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ, ಹೆಸರಲ್ಲಿರುವ ಜಾವಗಲ್ ಮಾತ್ರ ಅರಸೀಕೆರೆ ತಾಲೂಕಿನದ್ದು. ಅದಿರಲಿ.

ಹುಡುಗ ಫೋನ್ ತೆಗೆದು ನೋಡಿದ್ದಾನೆ. ಮೊದಲ ಟೆಸ್ಟ್ ದೆಹಲಿ ಅಂತ ಬಂತು. ದೊಡ್ಡಪ್ಪ ಒಪ್ಪಲಿಲ್ಲ. "ನಿನ್ ಫೋನು ಹುಟ್ಟೋಕೆ ಮುಂಚೆ ನಾನು ಸ್ಟೇಡಿಯಂನಲ್ಲಿ ಕೂತಿದ್ದೆ" ಅಂದರಂತೆ.

ನಾನು ಕೇಳಿದ್ದು ಒಂದೇ. "ತಾರೀಖು ಇದ್ಯಾ?" ಇಲ್ಲ. "ದೊಡ್ಡಪ್ಪನಿಗೆ ಹಬ್ಬ, ಮಳೆ, ಯಾರದಾದರೂ ಮದುವೆ, ಏನಾದ್ರೂ ನೆನಪಿದ್ಯಾ ಕೇಳು." ಅಲ್ಲೇ ಫೋನ್ ಮಾಡಿದ. ದಸರಾ ಹೊತ್ತು ಅಂದರು. ಸಾಕು! ಜನಕ್ಕೆ ತಾರೀಖು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ಕ್ರಿಕೆಟ್ ಅಂಕಿಅಂಶದ ಪುಸ್ತಕ ತೆಗೆದೆವು. ಜಾನ್ಸನ್ ಆಡಿದ್ದೇ 2 ಟೆಸ್ಟ್, ಎರಡೂ 1996ರಲ್ಲಿ. ಒಂದು ದಿನದ ಅಂತರರಾಷ್ಟ್ರೀಯ ಪಂದ್ಯ ಒಂದೂ ಆಡಿಲ್ಲ. ವರ್ಷ ಸಿಕ್ಕಿತು, ಹಬ್ಬ ಸಿಕ್ಕಿತು. 1996ರ ಅಕ್ಟೋಬರ್ ತಿಂಗಳ ಪತ್ರಿಕೆಗಳ ಬೈಂಡ್ ಕೆಳಗಿಳಿಸಿದೆ. ಆ ಬೈಂಡ್ ಎಷ್ಟು ಭಾರ ಅಂತೀರಿ, ಅಕ್ಕಿ ಮೂಟೆ ಎತ್ತಿದ ಹಾಗೆ.

ಅಕ್ಟೋಬರ್ 10ರಂದು ದೆಹಲಿಯಲ್ಲಿ ಟೆಸ್ಟ್ ಶುರು. ಎದುರಾಳಿ ಆಸ್ಟ್ರೇಲಿಯಾ, ದೊಡ್ಡಪ್ಪ ಹೇಳಿದ್ದು ಸರಿ. ಶ್ರೀನಾಥ್‌ಗೆ ಗಾಯ, ಅವರ ಜಾಗಕ್ಕೆ ಬಂದವರೇ ಜಾನ್ಸನ್. ಅಂದರೆ ಆ ಪಂದ್ಯದಲ್ಲಿ ಇಬ್ಬರೂ ಒಟ್ಟಿಗೆ ಆಡುವ ಮಾತೇ ಇಲ್ಲ. ಹುಡುಗ ಕುಣಿದಾಡಿಬಿಟ್ಟ. "ಗೆದ್ದೆ ಸಾರ್, ಜೆರಾಕ್ಸ್ ಕೊಡಿ!"

ನಾನು ಬಿಡಲಿಲ್ಲ. "ನಿಲ್ಲಪ್ಪಾ, ಹಾಗಾದರೆ ದೊಡ್ಡಪ್ಪ ನೋಡಿದ್ದು ಏನು?" ಪುಟ ತಿರುಗಿಸುತ್ತಾ ಹೋದೆವು. ಅಕ್ಟೋಬರ್ 21, ಬೆಂಗಳೂರು, ಟೈಟಾನ್ ಕಪ್‌ನ ಒಂದು ದಿನದ ಪಂದ್ಯ, ಮತ್ತೆ ಅದೇ ಆಸ್ಟ್ರೇಲಿಯಾ! ತೆಂಡೂಲ್ಕರ್ 88 ಹೊಡೆದು ಔಟಾದ ಮೇಲೆ ಆಟ ಮುಗಿಯಿತು ಅಂತ ಜನ ಎದ್ದು ಹೊರಟಿದ್ದರು. ಆಗ ಕುಂಬ್ಳೆ ಮತ್ತು ನಮ್ಮ ಶ್ರೀನಾಥ್ ಒಂಬತ್ತನೇ ವಿಕೆಟ್‌ಗೆ ಮುರಿಯದ 52 ರನ್ ಸೇರಿಸಿ ಪಂದ್ಯ ಗೆಲ್ಲಿಸಿದರು. ದೊಡ್ಡಪ್ಪ ನೋಡಿದ್ದು ಇದು. ಹನ್ನೊಂದು ದಿನದ ಅಂತರದ ಎರಡು ಪಂದ್ಯ ಅವರ ತಲೆಯಲ್ಲಿ ಹೊಲಿಗೆ ಬಿದ್ದು ಒಂದಾಗಿದ್ದವು. ಇನ್ನೂ ಎರಡು ತಿಂಗಳು ಮುಂದೆ ಹೋದೆವು. ಡಿಸೆಂಬರ್ 26ಕ್ಕೆ ಶುರುವಾದ ಡರ್ಬನ್ ಟೆಸ್ಟ್‌ನಲ್ಲಿ ಶ್ರೀನಾಥ್, ಜಾನ್ಸನ್ ಇಬ್ಬರೂ ಇದ್ದಾರೆ! ಭಾರತ 100ಕ್ಕೆ ಒಮ್ಮೆ, 66ಕ್ಕೆ ಒಮ್ಮೆ ಮುಗಿದುಹೋದ ಪಂದ್ಯ. ಅದನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ?

ಫೋನ್ ಏನು ಹೇಳಿತು? ದೊಡ್ಡಪ್ಪ ಹೇಳುವುದು ಸುಳ್ಳು ಅಂತ. ಹಳೇ ಪತ್ರಿಕೆ ಏನು ಹೇಳಿತು? ದೊಡ್ಡಪ್ಪ ನಿಜವಾಗಿ ಏನು ನೋಡಿದ್ದರು ಅಂತ. ಮುಂದಿನ ವಾರ ದೊಡ್ಡಪ್ಪನೇ ಬಂದರು. ಸೋಲು ಒಪ್ಪಿಕೊಳ್ಳೋಕೆ ಅಲ್ಲ, ಬೈಂಡ್ ನೋಡೋಕೆ. ಬೆಂಗಳೂರು ಪಂದ್ಯದ ವರದಿಯನ್ನು ಎರಡು ಸಲ ಓದಿದರು. ಬಾಡೂಟಕ್ಕೆ ನನ್ನನ್ನು ಕರೆಯಲಿಲ್ಲ ಅನ್ನೋದು ಬೇರೆ ಮಾತು.

ಇದರ ಜೊತೆಗೇ ಒಂದು ಗುಟ್ಟು. ಪಂದ್ಯ ನಡೆದ ದಿನದ ಪತ್ರಿಕೆ ಕೇಳಬೇಡಿ. ಮರುದಿನದ್ದು ಕೇಳಿ. ರಾತ್ರಿ ಪಂದ್ಯವಾದರೆ ಅದರಾಚೆ ದಿನದ್ದನ್ನೂ ಕೇಳಿ, ಯಾಕೆಂದರೆ ನಮ್ಮ ಜಿಲ್ಲೆಗೆ ಬರುವ ಪ್ರತಿ ಬೇಗ ಅಚ್ಚಾಗುತ್ತದೆ. ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಅವತ್ತು ನಾವು ತೆಗೆದ ಪುಟದಲ್ಲಿ ಒಂದು ಕಿಟಕಿ ಇತ್ತು. ಯಾರೋ ಪುಣ್ಯಾತ್ಮರು ಬ್ಲೇಡಿನಲ್ಲಿ ಫೋಟೋ ಕತ್ತರಿಸಿಕೊಂಡು ಹೋಗಿದ್ದರು. ಅದರ ಹಿಂದಿನ ಪುಟದ ಸುದ್ದಿಯೂ ಹೋಯಿತು. ದಯವಿಟ್ಟು ಬ್ಲೇಡನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಅಯ್ಯೋ, ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಸಂಗೀತಕ್ಕೆ ಬರುತ್ತೇನೆ.

ಅರಕಲಗೂಡು ತಾಲೂಕಿನ ರುದ್ರಪಟ್ಟಣ ಅಂದರೆ ಸಂಗೀತದ ಊರು. ಅಲ್ಲಿನ ಆರ್.ಕೆ. ಶ್ರೀಕಂಠನ್ ಅವರ ಬಗ್ಗೆ ಬರೆಯಬೇಕು ಅಂದುಕೊಳ್ಳಿ. ಆಕಾಶವಾಣಿಯಲ್ಲೇ ದುಡಿದ ಗಾಯಕರು. ಮತ್ತೆ ಅದೇ ಪ್ರಶ್ನೆ, ತಾರೀಖು? ಹುಟ್ಟಿದ್ದು 1920ರ ಜನವರಿ 14. 2011ರಲ್ಲಿ ಪದ್ಮಭೂಷಣ. ಪದ್ಮ ಪ್ರಶಸ್ತಿ ಅಂದರೆ ಜನವರಿ 26ರ ಪತ್ರಿಕೆ ತೆಗೆಯಿರಿ. ಹಿಂದಿನ ಸಂಜೆ ಪಟ್ಟಿ ಬಂದಿರುತ್ತದೆ. 27ನೇ ತಾರೀಖಿನದ್ದು ಹುಡುಕಬೇಡಿ, ಅವತ್ತು ಪತ್ರಿಕೆಯೇ ಇರುವುದಿಲ್ಲ. ಅವರು ತೀರಿಕೊಂಡಿದ್ದು 2014ರ ಫೆಬ್ರವರಿ 17. ಹಾಗಾದರೆ 18ರ ಪತ್ರಿಕೆ. ಕಲಾವಿದರ ಇಡೀ ಬದುಕು ಒಂದೇ ಪುಟದಲ್ಲಿ ಸಿಗುವುದು ಅವರು ಹೋದ ಮರುದಿನ. ಬೇಸರದ ಮಾತು, ಆದರೆ ನಿಜ.

ಬೇಲೂರು ಶಿಲ್ಪಕ್ಕೂ ಇದೇ ದಾರಿ. ಎಲ್ಲರೂ ಜಕಣಾಚಾರಿ ಅಂದು ಸುಮ್ನಾಗುತ್ತಾರೆ. ದೇವಸ್ಥಾನದ ವರ್ಷ 1117. ಅದನ್ನು ಹಿಡಿದು ಬಿ.ಎಲ್. ರೈಸ್ ಸಂಗ್ರಹಿಸಿದ ಶಾಸನಗಳ ಪುಸ್ತಕ, ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ ಕೇಳಿ. ಅದು 5ನೇ ಸಂಪುಟ. ಚಿಕ್ಕಮಗಳೂರಿನವರು 6 ಕೇಳಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಕಲ್ಲಿನ ಮೇಲೆ ತಮ್ಮ ಹೆಸರು ತಾವೇ ಕೆತ್ತಿಟ್ಟು ಹೋಗಿದ್ದಾರೆ.

ಸಿನಿಮಾಕ್ಕೆ ಶುಕ್ರವಾರದ ಜಾಹೀರಾತು ಪುಟ ನೋಡಿ. ಯಾವ ಚಿತ್ರ, ಯಾವ ಟಾಕೀಸು ಎಲ್ಲ ಅಲ್ಲಿರುತ್ತದೆ. ನಾಟಕಕ್ಕೆ ಹಳೇ ಕರಪತ್ರ. ಅದು ಗ್ರಂಥಾಲಯಕ್ಕಿಂತ ನಿಮ್ಮ ಅಜ್ಜಿಯ ಟ್ರಂಕಿನಲ್ಲೇ ಜಾಸ್ತಿ ಸಿಗುತ್ತದೆ. ಕಪಾಟಿನ ನಂಬರು ಬೇಕಾದವರು ಬೇಗ ಬರೆದುಕೊಳ್ಳಿ: 780 ಸಂಗೀತ, 791 ಸಿನಿಮಾ, 792 ನಾಟಕ, 796 ಆಟೋಟ. ನಿಮ್ಮೂರಿನಲ್ಲಿ ಹಳೇ ಪತ್ರಿಕೆ ಇಲ್ಲದಿದ್ದರೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಕೇಳಿ. ಕೆಂಪು ಕಟ್ಟಡ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಯಕ್ಷಗಾನದ ಬಗ್ಗೆ ಹೇಳಬೇಕಿತ್ತು. ಕೊಪ್ಪ, ಶೃಂಗೇರಿ ಕಡೆಯವರು ಕ್ಷಮಿಸಬೇಕು, ದೊಡ್ಡಪ್ಪ ಅಷ್ಟು ಸಮಯ ತಿಂದುಬಿಟ್ಟರು. ಗ್ರಂಥಾಲಯಕ್ಕೆ ಸೋಮವಾರ ಮಾತ್ರ ಹೋಗಬೇಡಿ, ಸಾಮಾನ್ಯವಾಗಿ ರಜೆ ಇರುತ್ತದೆ. ನಮಸ್ಕಾರ.