102 ಉಕ್ಕಿನ ತುಂಡುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಲೇತ್, ಮಿಲ್ಲಿಂಗ್ ಕೆಲಸ ಮಾಡುವವರಿಗೆ ಸ್ಲಿಪ್ ಗೇಜ್ ಹೊಸದಲ್ಲ. ಒಂದು ಮರದ ಪೆಟ್ಟಿಗೆ, ಒಳಗೆ ಸಾಲಾಗಿ ಕೂತ, ಒಂದೊಂದೂ ನಿಖರ ಅಳತೆಯ ಸಣ್ಣ ಸಣ್ಣ ಉಕ್ಕಿನ ತುಂಡುಗಳು. ಸೂಕ್ಷ್ಮ ಅಳತೆಯ ಸಾಧನವಾದ ಮೈಕ್ರೋಮೀಟರ್ ಸರಿಯಾಗಿ ತೋರಿಸುತ್ತಿದೆಯೇ ಅಂತ ಅನುಮಾನ ಬಂದರೆ ಈ ಪೆಟ್ಟಿಗೆಯನ್ನೇ ತೆಗೆಯಬೇಕು. ಇದನ್ನು ಕಂಡುಹಿಡಿದವರ ಹೆಸರು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಗೊತ್ತಿರಬೇಕಿತ್ತು ಅಂತ ನನ್ನ ಆಸೆ.

ಅವರು ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್. ಎಸ್ಕಿಲ್‌ಸ್ಟುನಾ ಊರಿನ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ ಕೆಲಸ. ಆಗೆಲ್ಲ ಬಂದೂಕಿನ ಒಂದೊಂದು ಅಳತೆಗೂ ಒಂದೊಂದು ಗೇಜ್, ಅಂದರೆ ಹೋಲಿಸಿ ನೋಡುವ ಅಳತೆಯ ತುಂಡು, ಮಾಡಿಡಬೇಕಿತ್ತು. ಜರ್ಮನಿಯ ಮೌಸರ್ ಕಾರ್ಖಾನೆಯಲ್ಲೂ ಅವರು ಕಂಡದ್ದು ಅಂಥದ್ದೇ ಗೇಜುಗಳ ರಾಶಿ. ಅಲ್ಲಿಂದ ವಾಪಸಾಗುವಾಗ ಕೆಲವೇ ತುಂಡುಗಳನ್ನು ಕೂಡಿಸಿ ಬೇಕಾದ ಅಳತೆ ಪಡೆಯುವುದು ಹೇಗೆ ಅಂತ ರೈಲಿನಲ್ಲೇ ಲೆಕ್ಕ ಹಾಕಲು ಕೂತರು ಅನ್ನುತ್ತಾರೆ. ಅದು 1896.

ಆ ಲೆಕ್ಕ ನೋಡಿ, ಎಷ್ಟು ಚೆಂದ. 1.01 ಮಿಲಿಮೀಟರಿನಿಂದ 1.49ರವರೆಗೆ, ನೂರನೇ ಒಂದರಷ್ಟು ಏರುತ್ತಾ ಹೋಗುವ 49 ತುಂಡು. ಅರ್ಧ ಮಿಲಿಮೀಟರಿನಿಂದ 24.5ರವರೆಗೆ, ಅರ್ಧರ್ಧ ಏರುವ ಇನ್ನೊಂದು 49. ಆಮೇಲೆ 25, 50, 75, 100. ಒಟ್ಟು 102. ನಿಮಗೀಗ 38.27 ಬೇಕು ಅಂತಿಟ್ಟುಕೊಳ್ಳಿ. ಕೊನೆಯ ಅಂಕಿಯಿಂದ ಶುರು ಮಾಡಿ 1.27 ತೆಗೆಯಿರಿ. ಉಳಿದದ್ದು 37. ಒಂದು 12, ಒಂದು 25. ಮುಗೀತು! ಹೀಗೆ ಕೂಡಿಸುತ್ತಾ ಹೋದರೆ ಸುಮಾರು 20,000 ಅಳತೆ ಸಿಗುತ್ತವೆ.

ಆದರೆ ತುಂಡು ಕೂಡಿಸಿದಂತೆ ತಪ್ಪೂ ಕೂಡುತ್ತದೆ, ಅಲ್ವಾ? ಹಾಗಾಗಿ ಒಂದೊಂದನ್ನೂ ಅಷ್ಟು ನಿಖರವಾಗಿ ಉಜ್ಜಬೇಕಿತ್ತು. ಯೋಹಾನ್ಸನ್ ಹೆಂಡತಿಯ ಹೊಲಿಗೆ ಯಂತ್ರವನ್ನೇ ಉಜ್ಜುವ ಯಂತ್ರವಾಗಿ ಮಾರ್ಪಡಿಸಿ ಮನೆಯಲ್ಲೇ ದುಡಿದರು. ಪೇಟೆಂಟ್ ಕೈಗೆ ಬಂದದ್ದು 1904ರಲ್ಲಿ.

ಈ ತುಂಡುಗಳನ್ನು ಸುಮ್ನೆ ಒಂದರ ಮೇಲೊಂದು ಇಟ್ಟರೆ ಸಾಲದು. ಚೆನ್ನಾಗಿ ಒರೆಸಿ, ಅಡ್ಡಡ್ಡಲಾಗಿ ಇಟ್ಟು, ಮೆಲ್ಲಗೆ ಒತ್ತಿ ತಿರುಗಿಸಬೇಕು. ಗಪ್ಪನೆ ಹಿಡಿದುಕೊಳ್ಳುತ್ತವೆ. ಎತ್ತಿ ಹಿಡಿದರೂ ಕೆಳಗಿನದು ಬೀಳುವುದಿಲ್ಲ. ಗಾಳಿಯ ಒತ್ತಡವೇ ಕಾರಣ ಅಂದುಕೊಳ್ಳಬೇಡಿ, ಗಾಳಿ ಇಲ್ಲದ ಕಡೆಯೂ ಅಂಟಿಕೊಂಡೇ ಇರುತ್ತವೆ. ಮೈ ಅಷ್ಟು ನಯ. ನಡುವಿನ ತೆಳ್ಳನೆ ಎಣ್ಣೆ-ತೇವದ ಪದರವೂ, ಲೋಹದ ಅಣುಗಳ ಸೆಳೆತವೂ ಸೇರಿ ಹಿಡಿದಿಡುತ್ತವೆ. ಕೆಲಸವಾದ ಮೇಲೆ ಬಿಡಿಸಿ, ಎಣ್ಣೆ ಸವರಿ ಇಡಬೇಕು. ಅಂಟಿಸಿಯೇ ಬಿಟ್ಟರೆ ಬಿಡಿಸುವುದು ಕಷ್ಟ.

ಇನ್ನು ಶಾಖ. 50 ಮಿಲಿಮೀಟರಿನ ಉಕ್ಕಿನ ತುಂಡು ಒಂದೇ ಒಂದು ಡಿಗ್ರಿ ಬಿಸಿಯಾದರೂ ಅರ್ಧ ಮೈಕ್ರಾನಿಗಿಂತ ಸ್ವಲ್ಪ ಜಾಸ್ತಿ ಉದ್ದವಾಗುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕೈಯ ಬಿಸಿಯೇ ಸಾಕು. ಅದಕ್ಕೇ ಬಲ್ಲವರು ಬರಿಗೈಯಲ್ಲಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಹಿಡಿದರೆ ತಣಿಯಲು ಬಿಟ್ಟು ಅಳೆಯುತ್ತಾರೆ. ಯೋಹಾನ್ಸನ್ ತಮ್ಮ ಗೇಜುಗಳ ಅಳತೆ ಸರಿಯಿರಬೇಕಾದ ಉಷ್ಣತೆಯಾಗಿ 20 ಡಿಗ್ರಿ ಸೆಲ್ಸಿಯಸ್ ಆರಿಸಿಕೊಂಡಿದ್ದರು. 1931ರಲ್ಲಿ ಅದೇ ಜಗತ್ತಿನ ಒಪ್ಪಿತ ಉಷ್ಣತೆಯಾಯಿತು. ಬೆಂಗಳೂರಿನ ಸಿ.ಎಂ.ಟಿ.ಐ. ಎಂಬ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂಥ ಕಡೆ ಗೇಜ್ ತಪಾಸಣೆಯ ಕೋಣೆಯನ್ನು ಬೇಸಿಗೆಯಲ್ಲೂ ತಂಪಾಗಿಡುವುದು ಇದಕ್ಕೇ.

ಇಂಚಿನದ್ದೂ ಇದೇ ಕಥೆ. ಆಗ ಬ್ರಿಟಿಷರ ಇಂಚು 25.4 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆ, ಅಮೆರಿಕನ್ನರದು ಕೂದಲೆಳೆಯಷ್ಟು ಹೆಚ್ಚು. ಯೋಹಾನ್ಸನ್ ಸರಿಯಾಗಿ 25.4 ಅಂತಲೇ ಗೇಜ್ ಮಾಡಿ ಮಾರಿದರು. ಕಾರ್ಖಾನೆಗಳು ಅದನ್ನೇ ನಂಬಿ ಕೆಲಸ ಮಾಡಿದವು. ಅವರು ತೀರಿಕೊಂಡದ್ದು 1943ರಲ್ಲಿ. ಬ್ರಿಟನ್, ಅಮೆರಿಕ ಸೇರಿ ಆರು ದೇಶಗಳು ಅದೇ 25.4ಕ್ಕೆ ರುಜು ಹಾಕಿದ್ದು 1959ರಲ್ಲಿ.

ನಮಸ್ಕಾರ.